ಕ್ಯಾಂಪಸ್ಸಿನಲ್ಲಿ ಹೊಸ ಬೋರ್‌ವೆಲ್: ಪಾಯಿಂಟ್ ಎಲ್ಲಿ ಹಾಕಿಸೋಣ?

ಪ್ರಶ್ನೆ: ಸರ್, ನಾನು ಮಧುಗಿರಿ ತಾಲ್ಲೂಕಿನ ಒಂದು ವಸತಿ ಕಾಲೇಜಿನಲ್ಲಿ ಉಪನ್ಯಾಸಕ. ತೋಟದ ಉಸ್ತುವಾರಿಯೂ ನನ್ನದೇ. ಕ್ಯಾಂಪಸ್ 18 ಎಕರೆ. 120 ತೆಂಗು, 60 ಮಾವು, ಕಾಲು ಎಕರೆ ತರಕಾರಿ ಮಡಿ, ಕಟ್ಟಡದ ಮುಂದೆ ಒಂದು ಎಕರೆ ಹುಲ್ಲುಹಾಸು ಇದೆ. ಹಾಸ್ಟೆಲ್‌ನಲ್ಲಿ 300 ಮಕ್ಕಳು. ಅವರಿಗೆ ಬೇರೆ ನೀರಿನ ವ್ಯವಸ್ಥೆ ಇದೆ. ತೋಟದ ಬೋರ್ 420 ಅಡಿ. ಮೊದಲು ಎರಡೂವರೆ ಇಂಚು ನೀರಿತ್ತು, ಈಗ ಒಂದು ಇಂಚಿಗೆ ಬಂದಿದೆ. ಇನ್ನೆರಡು ಬೋರ್ ಫೇಲ್ ಆಗಿವೆ. ಒಂದಕ್ಕೆ ಗೋಣಿಚೀಲ ಕಟ್ಟಿ ಮೇಲೆ ಕಲ್ಲು ಇಟ್ಟಿದ್ದೇವೆ. ಹೊಸ ಬೋರ್‌ಗೆ ಮೂರು ಜಾಗದ ಮಾತು ನಡೆದಿದೆ. ಗೇಟಿನ ಹತ್ತಿರ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಪಕ್ಕ ಆಗಲಿ, ವೈರಿಂಗ್ ಖರ್ಚು ಕಡಿಮೆ ಅಂತ ಆಡಳಿತ ಮಂಡಳಿ ಹೇಳುತ್ತದೆ. ತೆಂಗಿನಕಾಯಿ ಹಿಡಿದು ನೀರು ನೋಡುವವರು ಓವರ್‌ಹೆಡ್ ಟ್ಯಾಂಕ್ ಇರುವ ಗುಡ್ಡದ ಬುಡ ತೋರಿಸಿದ್ದಾರೆ. ಅಲ್ಲಿ ಸುತ್ತ ಹಾಸುಬಂಡೆ ಕಾಣುತ್ತದೆ. ಮೂರನೆಯದು ಹಿಂದಿನ ತಗ್ಗು. ಅಲ್ಲಿ ಹಳ್ಳದ ಪಕ್ಕ 45 ಅಡಿಯ ಹಳೆಯ ತೆರೆದ ಬಾವಿ ಇದೆ, ಜನವರಿವರೆಗೆ ನೀರಿರುತ್ತದೆ. ಆದರೆ ಅಲ್ಲಿಂದ 40 ಮೀಟರ್ ಮೇಲಕ್ಕೆ ಹಾಸ್ಟೆಲ್‌ನ ಸೆಪ್ಟಿಕ್ ಟ್ಯಾಂಕ್ ಇದೆ. ಯಾವುದು ಸರಿ?

ಉತ್ತರ: ಮೇಷ್ಟ್ರೇ, ಮೂರರಲ್ಲಿ ಒಂದನ್ನು ಆರಿಸಲೇಬೇಕು ಅಂದರೆ ಮೂರನೆಯದು. ಆದರೆ ನೀವು ಹೇಳಿದ ಜಾಗದಲ್ಲೇ ಅಲ್ಲ. ಅದೇ ಹಳ್ಳದ ಸಾಲಿನಲ್ಲಿ, ಸೆಪ್ಟಿಕ್ ಟ್ಯಾಂಕ್‌ನ ನೀರು ಇಳಿದು ಬರುವ ದಾರಿ ತಪ್ಪಿಸಿ, ಹಳ್ಳದ ಮೇಲುಗಡೆಗೆ ನೂರಿನ್ನೂರು ಮೀಟರ್ ಸರಿಯಬೇಕು. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ನಿಮಗೆ ಎಷ್ಟು ನೀರು ಬೇಕು ಅನ್ನುವ ಲೆಕ್ಕ ಮಾಡಬೇಕು. ಯಾಕೆಂದರೆ ಆ ಲೆಕ್ಕವೇ ಜಾಗವನ್ನೂ ಆಳವನ್ನೂ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಕೊಟ್ಟರೆ ಅದು ಒಂದು ಲೀಟರ್. ಇದೊಂದು ನೆನಪಿದ್ದರೆ ಸಾಕು. ನಿಮ್ಮ ಹುಲ್ಲುಹಾಸು ಒಂದು ಎಕರೆ, ಅಂದರೆ 4,047 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ 4 ಮಿ.ಮೀ. ಆದರೂ ಬೇಕು. ಅಲ್ಲಿಗೆ ದಿನಕ್ಕೆ 16 ಸಾವಿರ ಲೀಟರ್. ತೆಂಗಿಗೆ ಹನಿ ನೀರಾವರಿಯಲ್ಲಿ ಮರಕ್ಕೆ 65 ಲೀಟರ್ ಹಿಡಿದರೆ 120 ಮರಕ್ಕೆ 7,800 ಲೀಟರ್. ತರಕಾರಿಗೆ ಸುಮಾರು 5 ಸಾವಿರ, ಮಾವಿಗೆ 2,400. ನೋಡಿ, ತೆಂಗು, ಮಾವು, ತರಕಾರಿ ಎಲ್ಲ ಸೇರಿ 15 ಸಾವಿರ ಲೀಟರ್. ಬರೀ ಹುಲ್ಲಿಗೆ ಅದಕ್ಕಿಂತ ಜಾಸ್ತಿ!

ಈಗ ಆದಾಯದ ಕಡೆ ನೋಡೋಣ. ನಿಮ್ಮ ಭಾಗದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಅಂತ ಇಟ್ಟುಕೊಳ್ಳಿ. 18 ಎಕರೆ ಮೇಲೆ ಬೀಳುವುದು 4 ಕೋಟಿ 37 ಲಕ್ಷ ಲೀಟರ್. ಕೇಳಿದರೆ ಬೇಕಾದಷ್ಟು ಅನ್ನಿಸುತ್ತದೆ. ಆದರೆ ಗ್ರಾನೈಟ್, ನೈಸ್ (gneiss) ಅನ್ನುವ ಗಟ್ಟಿ ಕಲ್ಲಿನ ಸೀಮೆಯಲ್ಲಿ ಮಳೆಯ ನೂರರಲ್ಲಿ 8ರಿಂದ 11 ಪಾಲು ಮಾತ್ರ ಅಂತರ್ಜಲ ಸೇರುತ್ತದೆ ಅಂತ ಸರ್ಕಾರಿ ಲೆಕ್ಕಾಚಾರದಲ್ಲೇ ಹಿಡಿಯುತ್ತಾರೆ. ಅಂದರೆ ನಿಮ್ಮ ನೆಲಕ್ಕೆ ಇಂಗುವುದು ವರ್ಷಕ್ಕೆ 35ರಿಂದ 48 ಲಕ್ಷ ಲೀಟರ್. ಇನ್ನೂರು ದಿನ ನೀರು ಹಾಯಿಸುತ್ತೀರಿ ಅಂದರೆ ಹುಲ್ಲಿಗೆ 32 ಲಕ್ಷ, ಗಿಡಮರ, ತರಕಾರಿಗೆ 30 ಲಕ್ಷ. ಒಟ್ಟು 62 ಲಕ್ಷ. ನಿಮ್ಮ ನೆಲ ಗಳಿಸುವುದಕ್ಕಿಂತ ನೀವು ಖರ್ಚು ಮಾಡುವುದೇ ಹೆಚ್ಚು. ಉಳಿದದ್ದು ಅಕ್ಕಪಕ್ಕದ ರೈತರ ಹೊಲದಡಿಯಿಂದ ಬರುತ್ತಿದೆ, ಅಲ್ವಾ?

ಹಾಗಾಗಿ ನನ್ನ ಮೊದಲ ಸಲಹೆ, ಹುಲ್ಲುಹಾಸನ್ನು ಬೋರ್‌ನಿಂದ ಬಿಡಿಸಿ. 300 ಮಕ್ಕಳ ಸ್ನಾನ, ಬಟ್ಟೆ ತೊಳೆಯುವ ನೀರು ಒಬ್ಬರಿಗೆ 50 ಲೀಟರ್ ಅಂದರೂ ದಿನಕ್ಕೆ 15 ಸಾವಿರ ಲೀಟರ್ ಆಗುತ್ತದೆ. ಹುಲ್ಲಿಗೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಶೌಚಾಲಯದ ನೀರನ್ನು ಬೇರೆ ಮಾಡಿ, ಸ್ನಾನದ ನೀರನ್ನು ಮಾತ್ರ ಒಂದು ತೊಟ್ಟಿಯಲ್ಲಿ ತಂಗಿಸಿ, ಜಲ್ಲಿ ತುಂಬಿ ಕ್ಯಾನಾ ಗಿಡ ನೆಟ್ಟ ಕಾಲುವೆಯಲ್ಲಿ ಹಾಯಿಸಿದರೆ ಹುಲ್ಲಿಗೆ ಅದು ಸಾಕಾಗುತ್ತದೆ. ಅಡಿಗೆಮನೆ ನೀರಿನ ಜಿಡ್ಡು ಅದಕ್ಕೆ ಸೇರದಂತೆ ನೋಡಿಕೊಳ್ಳಿ. ಆ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಚಿಮ್ಮಿಸಬೇಡಿ, ನೆಲಕ್ಕೆ ಹರಿಸಿ. ರಜೆಯಲ್ಲಿ ಹಾಸ್ಟೆಲ್ ಖಾಲಿಯಾದಾಗ ಹುಲ್ಲು ಒಣಗುತ್ತದೆ, ನಿಜ. ಒಣಗಲಿ. ಮಳೆ ಬಂದ ಮೇಲೆ ಮತ್ತೆ ಚಿಗುರುತ್ತದೆ. ತೆಂಗು ಹಾಗಲ್ಲ, ಒಂದು ಬೇಸಿಗೆ ಒಣಗಿಸಿದರೆ ಎರಡು ಮೂರು ವರ್ಷದ ಫಸಲು ಹೋಗುತ್ತದೆ.

ಆಗ ಬೋರ್‌ನಿಂದ ನಿಮಗೆ ಬೇಕಾದದ್ದು ದಿನಕ್ಕೆ 15 ಸಾವಿರ ಲೀಟರ್ ಅಷ್ಟೇ. ಇದು ಎಷ್ಟು ಇಂಚು? ಇಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ಬೋರ್ ಕೊರೆಯುವಾಗ ಇಂಚು ಅಳೆಯುವುದು ವಿ ಆಕಾರದ ಕಚ್ಚು ಇರುವ ತಗಡಿನಲ್ಲಿ. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಂತು ಹರಿಯುತ್ತದೆ ಅನ್ನುವುದೇ ಇಂಚು. ಎತ್ತರ ಹೆಚ್ಚಿದಂತೆ ಕಚ್ಚು ಅಗಲವೂ ಆಗುತ್ತದೆ, ಹಾಗಾಗಿ ಎರಡು ಇಂಚು ಅಂದರೆ ಒಂದು ಇಂಚಿನ ಎರಡರಷ್ಟಲ್ಲ. ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚಿಗೆ 2,900, ಮೂರು ಇಂಚಿಗೆ ಸುಮಾರು 8 ಸಾವಿರ. ನಿಮ್ಮ ಹಳೆಯ ಬೋರ್ ಎರಡೂವರೆಯಿಂದ ಒಂದು ಇಂಚಿಗೆ ಇಳಿದಿದೆ ಅಂದರೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಆಗಿದೆ ಅಂತಲ್ಲ. ಗಂಟೆಗೆ 5 ಸಾವಿರ ಲೀಟರ್ ಇದ್ದದ್ದು 500ಕ್ಕೆ ಬಂದಿದೆ. ಹತ್ತರಲ್ಲಿ ಒಂದು ಪಾಲು! ಹಾಗೆಯೇ ನಿಮಗೆ ಈಗ ಬೇಕಾದದ್ದು ಎರಡು ಇಂಚಿನ, ನಾಲ್ಕು ಕಾಲ ನಿಲ್ಲುವ ಒಂದು ಬೋರ್. ಐದು ಗಂಟೆ ಪಂಪ್ ಓಡಿದರೆ ಕೆಲಸ ಮುಗಿಯಿತು. ನಾಲ್ಕು ಇಂಚಿನ ಆಸೆಗೆ ಸಾವಿರ ಅಡಿ ಇಳಿಯುವ ಅಗತ್ಯ ನಿಮಗಿಲ್ಲ.

ಹಳೆಯ ಬೋರನ್ನೂ ಕೈಬಿಡುವ ಮೊದಲು ಒಮ್ಮೆ ಪರೀಕ್ಷಿಸಿ. ಕೆಲವು ಸಲ ನೀರು ಕಡಿಮೆಯಾಗಿರುವುದಿಲ್ಲ, ಪಂಪ್ ಸವೆದಿರುತ್ತದೆ ಅಥವಾ ಪೈಪ್ ಒಳಗೇ ತೂತು ಬಿದ್ದಿರುತ್ತದೆ. ಎರಡು ಎಳೆಯ ವೈರಿನ ತುದಿ ಬಿಚ್ಚಿ, ತೂಕಕ್ಕೆ ಒಂದು ನಟ್ ಕಟ್ಟಿ, ಬೋರ್ ಒಳಗೆ ಇಳಿಬಿಡಿ. ಇನ್ನೊಂದು ತುದಿಗೆ ಮಲ್ಟಿಮೀಟರ್ ಹಾಕಿ. ತುದಿ ನೀರು ಮುಟ್ಟಿದ ತಕ್ಷಣ ಮೀಟರ್‌ನ ಮುಳ್ಳು ಅಲುಗುತ್ತದೆ. ವೈರಿಗೆ ಅಡಿ ಗುರುತು ಹಾಕಿಕೊಂಡಿದ್ದರೆ ನೀರಿನ ಮಟ್ಟ ಗೊತ್ತಾಯಿತು. ಮುಂಜಾನೆ ಪಂಪ್ ಹಾಕುವ ಮೊದಲು ಒಮ್ಮೆ, ಓಡಿಸಿ ಅರ್ಧ ಗಂಟೆಗೆ ಒಮ್ಮೆ ನೋಡಿ. ಮಟ್ಟ ಮೇಲೇ ಇದ್ದು ನೀರು ಮಾತ್ರ ಬರುತ್ತಿಲ್ಲ ಅಂದರೆ ತಪ್ಪು ಪಂಪಿನದು. ಮಟ್ಟ ಸರ್ರನೆ ಕುಸಿದರೆ ಬೋರ್‌ನದು. ಅದಕ್ಕೆ ಕಂಪ್ರೆಸರ್ ಹಾಕಿ ಒಮ್ಮೆ ಫ್ಲಶ್ ಮಾಡಿಸಬಹುದು. ಹೊಸ ಬೋರ್‌ನ ಖರ್ಚಿನ ಮುಂದೆ ಇದು ಏನೂ ಅಲ್ಲ.

ಇನ್ನು ಜಾಗದ ಮಾತು. ನೀವಿರುವುದು ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯಲ್ಲಿ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ, ಈ ಕಲ್ಲಿಗೆ ಹೆಸರು ಬಂದದ್ದು ಅಲ್ಲಿಂದಲೇ. ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ನಿಮ್ಮ ಮಧುಗಿರಿಯ ಏಕಶಿಲಾ ಬೆಟ್ಟ, ಎಲ್ಲವೂ ಇದೇ ಪಟ್ಟಿಯವು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಈ ಕಲ್ಲಿನ ಮೈಯೊಳಗೆ ನೀರು ಇರಲು ಜಾಗವೇ ಇಲ್ಲ. ನೀರಿರುವುದು ಎರಡೇ ಕಡೆ. ಒಂದು, ಮೇಲೆ ಬಿಸಿಲು ಮಳೆಗೆ ಕೊಳೆತು ಗರಸಾದ ಪದರದಲ್ಲಿ. ಇನ್ನೊಂದು, ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿ. ಬೋರ್ ಹುಡುಗರು 'ಗ್ಯಾಪ್ ಸಿಕ್ತು' ಅನ್ನುತ್ತಾರಲ್ಲ, ಅದು ಈ ಬಿರುಕು. ಕೆಳಗೆ ನದಿ ಹರಿಯುತ್ತಿರುವುದಿಲ್ಲ. ಮೇಲಿನ ಗರಸು ಒಂದು ಸ್ಪಂಜ್ ಇದ್ದಂತೆ, ಮಳೆ ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿರುಕಿಗೆ ಇಳಿಸುತ್ತದೆ. ಗರಸು ದಪ್ಪವಿದ್ದು, ಅದರಡಿ ಬಿರುಕಿದ್ದು, ಮೇಲಿನಿಂದ ಮಳೆ ನೀರು ಬಂದು ನಿಲ್ಲುವ ತಗ್ಗಾದರೆ ಬೋರ್ ಬಾಳುತ್ತದೆ. ಗರಸಿಲ್ಲದ ಕಡೆ ಬಿರುಕು ಸಿಕ್ಕರೂ ಅದಕ್ಕೆ ಉಣಿಸುವವರಿಲ್ಲ. ಮೊದಲ ದಿನ ಚಿಮ್ಮಿ, ಎರಡನೇ ಬೇಸಿಗೆಗೆ ಬತ್ತುವ ಬೋರ್‌ಗಳೆಲ್ಲ ಹೆಚ್ಚಾಗಿ ಇಂಥವೇ.

ಇದು ನಿಮ್ಮ ಊರಿನ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಮಧುಗಿರಿ, ಪಾವಗಡ, ಸಿರಾ, ಕೊರಟಗೆರೆ ಕಡೆಯ ತಲಪರಿಗೆಗಳನ್ನು ನೆನೆಸಿಕೊಳ್ಳಿ. ತಗ್ಗಿನ ಮರಳು ನೆಲದಲ್ಲಿ ಎರಡಾಳು ಗುಂಡಿ ತೋಡಿ, ಅಲ್ಲಿ ಒಸರುವ ಸೆಲೆಯನ್ನು ಸಣ್ಣ ಕಾಲುವೆಯಲ್ಲಿ ಹೊಲಕ್ಕೆ ಹರಿಸುತ್ತಿದ್ದರು. ಯಾವ ಯಂತ್ರವೂ ಇಲ್ಲದೆ ನೀರು ಎಲ್ಲಿ ಸೇರುತ್ತದೆ ಅಂತ ನೆಲ ನೋಡಿಯೇ ಗುರುತಿಸಿದ್ದರು. ಬೋರ್‌ಗಳು ಬಂದ ಮೇಲೆ ಬಹುಪಾಲು ತಲಪರಿಗೆಗಳು ಒಣಗಿದವು. ಆದರೂ ಅವು ಇದ್ದ ಜಾಗ ಇವತ್ತಿಗೂ ಒಳ್ಳೆಯ ಗುರುತೇ. ನಿಮ್ಮ ಕ್ಯಾಂಪಸ್ ಸುತ್ತ ಎಲ್ಲಿ ಇತ್ತು ಅಂತ ಊರಿನ ಅಜ್ಜಂದಿರನ್ನು ಕೇಳಿ.

ಗೇಟಿನ ಪಕ್ಕದ ಜಾಗಕ್ಕೆ ಇರುವ ಒಂದೇ ಗುಣ ಕರೆಂಟು ಹತ್ತಿರ ಅನ್ನುವುದು. ಕೇಬಲ್ ಎಳೆಯುವುದು ಒಂದು ಸಲದ ಖರ್ಚು. ನೀರಿಲ್ಲದ ಜಾಗಕ್ಕೆ ರಿಗ್ ಲಾರಿ ತರಿಸಿದರೆ ಅದು ಪೂರ್ತಿ ಮುಳುಗಿದ ದುಡ್ಡು. ಮಂಡಳಿಯವರಿಗೆ ಇದನ್ನು ಲೆಕ್ಕ ಹಾಕಿಯೇ ತೋರಿಸಿ.

ಗುಡ್ಡದ ಬುಡ ಬೇಡವೇ ಬೇಡ. ಹಾಸುಬಂಡೆ ಮೇಲೇ ಕಾಣುತ್ತಿದೆ ಅಂದರೆ ಅಲ್ಲಿ ಗರಸೇ ಇಲ್ಲ ಅಂತ ನೆಲವೇ ಹೇಳುತ್ತಿದೆ. ಬಿದ್ದ ಮಳೆ ಜಾರಿ ತಗ್ಗಿಗೆ ಹೋಗುತ್ತದೆ. ಅಂಗೈ ಮೇಲಿನ ತೆಂಗಿನಕಾಯಿ ಅಲ್ಲಿ ಎದ್ದು ನಿಂತಿತು ಅಂತ ನೀರು ನೋಡುವವರು ಹೇಳಿರಬಹುದು. ಅವರ ಮೇಲೆ ನನಗೆ ಅಗೌರವವಿಲ್ಲ. ನೀರು ನೋಡುವವರಲ್ಲಿ ಕೆಲವರು ನೆಲ, ಗಿಡ, ಇಳಿಜಾರನ್ನು ನಲವತ್ತು ವರ್ಷ ನೋಡಿದವರು, ಅವರ ಕಣ್ಣಿನ ಅನುಭವ ದೊಡ್ಡದು. ಆದರೆ ಕಾಯಿಗೋ ಬೇವಿನ ಕವಲಿಗೋ ನೀರು ಗೊತ್ತಾಗುವುದಿಲ್ಲ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರ ಇದನ್ನು ದೊಡ್ಡದಾಗಿ ಪರೀಕ್ಷಿಸಿದರು. ಸುಮಾರು 500 ಜನ ನೀರು ನೋಡುವವರಲ್ಲಿ 43 ಮಂದಿಯನ್ನು ಆರಿಸಿದರು. ಒಂದು ಕೊಟ್ಟಿಗೆಯ ಕೆಳಗಿನ ಅಂತಸ್ತಿನಲ್ಲಿ ನೀರಿನ ಪೈಪನ್ನು ಬೇರೆ ಬೇರೆ ಕಡೆ ಇಟ್ಟು, ಮೇಲಿನ ಅಂತಸ್ತಿನಿಂದ ಗುರುತಿಸಲು ಹೇಳಿದರು. ಹೀಗೆ 843 ಪರೀಕ್ಷೆ ನಡೆದವು. ನಡೆಸಿದವರು ಕೆಲವರಿಗೆ ಆ ಶಕ್ತಿ ಇದೆ ಅಂದುಕೊಂಡರು. ಅದೇ ಅಂಕಿಗಳನ್ನು ಆಮೇಲೆ ಮತ್ತೆ ಕೂಡಿ ಕಳೆದು ನೋಡಿದಾಗ, ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಉತ್ತಮ ಅನ್ನಲು ಆಧಾರ ಸಿಗಲಿಲ್ಲ. ನಿಮ್ಮ ನೀರು ನೋಡುವವರನ್ನು ಕರೆಯಿರಿ, ಮರ್ಯಾದೆಯಿಂದ ಕೂರಿಸಿ, ಸುತ್ತಿನ ಯಾವ ಬೋರ್ ಎಷ್ಟು ಅಡಿಗೆ ಎಷ್ಟು ನೀರು ಕೊಟ್ಟಿತು ಅಂತ ಕೇಳಿ. ಆ ಮಾಹಿತಿ ಅವರ ಹತ್ತಿರ ಖಂಡಿತ ಇರುತ್ತದೆ. ಕಾಯಿಗಿಂತ ಅದು ನಿಮಗೆ ಉಪಯೋಗ.

ಈಗ ನೀವೇ ಮಾಡಬೇಕಾದ ಕೆಲಸ. ಜೋರು ಮಳೆ ಬಂದ ದಿನ, ನಿಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅದು ಸಿಗುತ್ತದೆ, ಕೊಡೆ ಹಿಡಿದು ಕ್ಯಾಂಪಸ್ ಸುತ್ತಿ. ನೀರು ಎಲ್ಲಿಂದ ಎಲ್ಲಿಗೆ ಹರಿಯಿತು, ಎಲ್ಲಿ ನಿಂತಿತು, ಮಳೆ ನಿಂತ ಮೇಲೆ ಎಲ್ಲಿ ಬೇಗ ಇಂಗಿತು, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎರಡು ಮೂರು ಹುಡುಗರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರಿಗೂ ಒಳ್ಳೆಯ ಪಾಠ. ಆಮೇಲೆ ಏಪ್ರಿಲ್‌ನಲ್ಲಿ ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆಯಿರಿ. ಎಲ್ಲ ಒಣಗಿದಾಗಲೂ ಹಸಿರಾಗಿ ನಿಂತ ಮರಗಳು ಯಾವ ಸಾಲಿನಲ್ಲಿವೆ? ಅತ್ತಿ, ಹೊಳೆಮತ್ತಿ, ಈಚಲು ಇದ್ದರೆ ಒಳ್ಳೆಯ ಲಕ್ಷಣ. ಅದರಲ್ಲೂ ಈಚಲು ಗುಂಪಾಗಿ ಬೆಳೆದಿದ್ದರೆ ಹತ್ತಿರದಲ್ಲೇ ತೇವ ಇದೆ. ಬಳ್ಳಾರಿ ಜಾಲಿಯನ್ನು ಮಾತ್ರ ನಂಬಬೇಡಿ, ಅದು ಎಲ್ಲಿ ಬೇಕಾದರೂ ಬೆಳೆಯುತ್ತದೆ. ದೊಡ್ಡ ಹುತ್ತಗಳನ್ನೂ ಗುರುತು ಮಾಡಿಕೊಳ್ಳಿ. ಗೆದ್ದಲಿಗೆ ತೇವದ ಮಣ್ಣು ಬೇಕು. ಆರನೇ ಶತಮಾನದ ವರಾಹಮಿಹಿರನೂ ಮರ, ಹುತ್ತಗಳ ಗುರುತು ಹಿಡಿದು ನೀರು ಹುಡುಕುವ ಬಗ್ಗೆ ಬರೆದಿದ್ದಾನೆ. ಅವನು ಹೇಳುವ ದಿಕ್ಕು, ಮೊಳಗಳ ಲೆಕ್ಕವನ್ನು ನಾನು ಅನುಸರಿಸುವುದಿಲ್ಲ. ನೆಲದ ಮೇಲಿನದನ್ನು ನೋಡಿ ಒಳಗಿನದನ್ನು ತಿಳಿಯಬೇಕು ಅನ್ನುವ ಕ್ರಮ ಮಾತ್ರ ಸರಿಯಾದದ್ದೇ.

ಕಲ್ಲನ್ನೂ ನೋಡಿ. ಬಿಳಿ ಬೆಣಚುಕಲ್ಲಿನ ಚೂರುಗಳು ಒಂದೇ ಸಾಲಿನಲ್ಲಿ ಚೆಲ್ಲಿದ್ದರೆ ಕೆಳಗೆ ಬೆಣಚಿನ ಪಟ್ಟಿ ಹೋಗಿದೆ ಅಂತ. ಅದು ಬಿರುಕು ಬಿಟ್ಟ ಕಲ್ಲು, ನೀರಿಗೆ ಒಳ್ಳೆಯದು. ಕರಿಕಲ್ಲಿನ ಗುಂಡುಗಳು ಸಾಲಾಗಿ ಕಂಡರೆ ಸ್ವಲ್ಪ ಯೋಚಿಸಬೇಕು. ಕರಿಕಲ್ಲಿನ ಪಟ್ಟಿ ನೆಲದಡಿ ಗೋಡೆಯಂತೆ ನಿಂತಿರುತ್ತದೆ. ಅದು ಹಳ್ಳಕ್ಕೆ ಅಡ್ಡವಾಗಿ ಹಾದುಹೋಗಿದ್ದರೆ ಮೇಲುಗಡೆಯ ಮಗ್ಗುಲಲ್ಲಿ ಅಣೆಕಟ್ಟಿನ ಹಿಂದೆ ನಿಂತಂತೆ ನೀರು ನಿಂತಿರುತ್ತದೆ. ಕೆಳಮಗ್ಗುಲಲ್ಲಿ ಕೊರೆದರೆ ಹತ್ತು ಹೆಜ್ಜೆ ಅಂತರದಲ್ಲಿ ಒಣ ಬೋರ್ ಆಗಬಹುದು. ಇಸ್ರೋದ ಭುವನ್ ಜಾಲತಾಣದಲ್ಲಿ ಅಂತರ್ಜಲ ಸಾಧ್ಯತೆಯ ನಕಾಶೆಗಳು ಸಿಗುತ್ತವೆ. ಇಂಥ ಪಟ್ಟಿಗಳು, ಉದ್ದನೆಯ ಬಿರುಕಿನ ಗೆರೆಗಳು ಅದರಲ್ಲಿ ಕಾಣುತ್ತವೆ. 18 ಎಕರೆಯಲ್ಲಿ ಇದೇ ಜಾಗ ಅಂತ ಆ ನಕಾಶೆ ಹೇಳಲಾರದು. ಆ ಗೆರೆ ನಿಮ್ಮ ಕ್ಯಾಂಪಸ್ ಕಡೆ ಬರುತ್ತದೋ ಇಲ್ಲವೋ ಅಂತ ತಿಳಿಯಬಹುದು.

ಅಕ್ಕಪಕ್ಕದ ಹತ್ತು ಬೋರ್‌ಗಳ ಕಥೆ ಕೇಳಿ. ಆಳ ಎಷ್ಟು ಅನ್ನುವುದಕ್ಕಿಂತ ಮುಖ್ಯವಾಗಿ ಎಷ್ಟು ಅಡಿ ಕೇಸಿಂಗ್ ಹೋಯಿತು ಅಂತ ಕೇಳಬೇಕು. ಕೇಸಿಂಗ್ ಪೈಪ್ ಇಳಿಸುವುದು ಗಟ್ಟಿ ಬಂಡೆ ಸಿಗುವವರೆಗೆ. ಹಾಗಾಗಿ ಕೇಸಿಂಗ್ ಉದ್ದವೇ ಗರಸಿನ ದಪ್ಪ! ರೈತರಿಗೆ ಇದು ಮರೆತಿರುವುದಿಲ್ಲ, ಯಾಕೆಂದರೆ ಅದಕ್ಕೆ ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟಿರುತ್ತಾರೆ. ಒಂದು ಕಡೆ 20 ಅಡಿ, ಇನ್ನೊಂದು ಕಡೆ 80 ಅಡಿ ಕೇಸಿಂಗ್ ಹೋಗಿದ್ದರೆ ಸ್ಪಂಜ್ ಎತ್ತ ದಪ್ಪಗಿದೆ ಅಂತ ಗೊತ್ತಾಯಿತಲ್ಲ.

ನಿಮ್ಮ ಹಳೆಯ ತೆರೆದ ಬಾವಿ ಇದಕ್ಕಿಂತ ದೊಡ್ಡ ಪುರಾವೆ. ಮಧ್ಯಾಹ್ನದ ಬಿಸಿಲಲ್ಲಿ ಒಂದು ಕನ್ನಡಿ ಹಿಡಿದು ಬೆಳಕನ್ನು ಬಾವಿಯ ಗೋಡೆಗೆ ಬಿಡಿ. ಮಣ್ಣು ಎಲ್ಲಿ ಮುಗಿದು ಗರಸು ಶುರುವಾಯಿತು, ಬಂಡೆ ಎಷ್ಟು ಅಡಿಗೆ ಬಂತು, ಯಾವ ಮಗ್ಗುಲಲ್ಲಿ ಒರತೆಯ ಕಲೆ ಇದೆ, ಎಲ್ಲ ಕಾಣುತ್ತದೆ. ಒರತೆ ಯಾವ ದಿಕ್ಕಿನಿಂದ ಬರುತ್ತಿದೆಯೋ ಆ ದಿಕ್ಕಿನಲ್ಲಿ ಹೊಸ ಜಾಗ ಹುಡುಕಬೇಕು. ದಯವಿಟ್ಟು ಯಾರನ್ನೂ ಒಳಗೆ ಇಳಿಸಬೇಡಿ. ಬಹಳ ದಿನ ಬಳಸದ ಬಾವಿಯ ತಳದಲ್ಲಿ ಉಸಿರುಕಟ್ಟುವ ಗಾಳಿ ನಿಂತಿರುತ್ತದೆ, ಇಳಿದವರು ಕೂಗಲೂ ಆಗದೆ ಬೀಳುತ್ತಾರೆ. ಹೂಳು ತೆಗೆಸುವುದಾದರೆ ಮೇಲಿನಿಂದ ಯಂತ್ರದಲ್ಲೇ ತೆಗೆಸಿ. ತೆಗೆಸುವುದು ಒಳ್ಳೆಯದೇ. ಬಾವಿ 20 ಅಡಿ ಅಡ್ಡಗಲ ಇದೆ ಅಂದುಕೊಂಡರೆ ಅದರಲ್ಲಿ ಒಂದು ಮೀಟರ್ ಎತ್ತರದ ನೀರು ಅಂದರೆ 29 ಸಾವಿರ ಲೀಟರ್. ನಿಮ್ಮ ತೋಟಕ್ಕೆ ಎರಡು ದಿನದ ನೀರು. ಜನವರಿವರೆಗೆ ತೆರೆದ ಬಾವಿ, ಆಮೇಲೆ ಬೋರ್ ಅಂತ ಮಾಡಿಕೊಂಡರೆ ಹೊಸ ಬೋರ್‌ನ ಆಯುಸ್ಸು ಹೆಚ್ಚುತ್ತದೆ.

ಹಾಗಿದ್ದರೆ ಅದೇ ಬಾವಿಯ ಪಕ್ಕ ಕೊರೆದರೆ ಏನು ಅಂತ ಕೇಳಬಹುದು. ಸೆಪ್ಟಿಕ್ ಟ್ಯಾಂಕ್‌ನ ಕಾರಣಕ್ಕೆ ನಾನು ಬೇಡ ಅನ್ನುವುದು. ಮರಳು ಮಣ್ಣಿನಲ್ಲಾದರೆ ಕೊಳಕು ನೀರು ಸೋಸಿ ಸೋಸಿ ಬರುತ್ತದೆ. ಬಂಡೆಯ ಬಿರುಕಿನಲ್ಲಿ ಸೋಸುವುದಕ್ಕೆ ಏನೂ ಇಲ್ಲ, ಪೈಪಿನಲ್ಲಿ ಬಂದಂತೆ ಬರುತ್ತದೆ. ಅದು ತೋಟದ ಬೋರ್ ಅಂತ ನೀವು ಹೇಳುತ್ತೀರಿ. ಬೇಸಿಗೆ ಮಧ್ಯಾಹ್ನ ಆಟ ಮುಗಿಸಿ ಬಂದ ಹುಡುಗರು ತೋಟದ ನಲ್ಲಿಗೆ ಬಾಯಿ ಇಟ್ಟೇ ಇಡುತ್ತಾರೆ. ಸಮತಟ್ಟು ನೆಲದಲ್ಲಾದರೂ 30 ಮೀಟರ್‌ಗಿಂತ ಕಡಿಮೆ ಅಂತರವನ್ನು ನಾನು ಒಪ್ಪುವುದಿಲ್ಲ. ಟ್ಯಾಂಕ್ ಮೇಲುಗಡೆ ಇದ್ದರೆ 40 ಮೀಟರ್ ಕೂಡ ಸಾಲದು. ಅದಕ್ಕೇ ಹಳ್ಳದ ಸಾಲು ಬಿಡದೆ ಮೇಲಕ್ಕೆ ಸರಿಯಿರಿ ಅಂದದ್ದು. ತೆರೆದ ಬಾವಿಯ ನೀರನ್ನೂ ಗಿಡಮರಕ್ಕೆ ಮಾತ್ರ ಬಳಸಿ, ಸೊಪ್ಪು ತರಕಾರಿಗೆ ಬೇಡ.

ಇಷ್ಟು ನೋಡಿದ ಮೇಲೆ ನಿಮ್ಮ ಕೈಯಲ್ಲಿ ಎರಡೋ ಮೂರೋ ಜಾಗ ಉಳಿಯುತ್ತವೆ. ಆಗ ಭೂವಿಜ್ಞಾನಿಯನ್ನು ಕರೆಸಿ ರೆಸಿಸ್ಟಿವಿಟಿ ಸರ್ವೆ, ಅಂದರೆ ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಮಾಡಿಸಿ. ನಾಲ್ಕು ಕಬ್ಬಿಣದ ಕಂಬಿ ನೆಲಕ್ಕೆ ಹೊಡೆದು, ಹೊರಗಿನ ಎರಡರ ಮೂಲಕ ಕರೆಂಟು ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಕಂಬಿಗಳನ್ನು ದೂರ ದೂರ ಸರಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. 100 ಮೀಟರ್ ಆಳ ತಿಳಿಯಬೇಕಾದರೆ ಸುಮಾರು 300 ಮೀಟರ್ ಉದ್ದದ ನೇರ ಜಾಗ ಬೇಕು. ಇಪ್ಪತ್ತು ಮೀಟರ್ ತಂತಿ ಹಾಸಿ 800 ಅಡಿಗೆ ನೀರಿದೆ ಅನ್ನುವವರನ್ನು ನಂಬಬೇಡಿ. ಏರಿಯಲ್ ಇರುವ ಪೆಟ್ಟಿಗೆ ಹಿಡಿದು ಸುಮ್ನೆ ನಡೆದು ಹೋಗಿ ಪಾಯಿಂಟ್ ಹಾಕುವವರನ್ನೂ ನಂಬಬೇಡಿ. ಕ್ಯಾಂಪಸ್ಸಿನಲ್ಲಿ ಇನ್ನೊಂದು ತೊಂದರೆ ಇದೆ. ತಂತಿ ಬೇಲಿ, ನೆಲದಡಿಯ ಕೇಬಲ್, ಕಬ್ಬಿಣದ ಪೈಪ್, ಟಿಸಿಯ ಅರ್ಥಿಂಗ್, ಇವೆಲ್ಲ ಅಳತೆಯನ್ನು ಕೆಡಿಸುತ್ತವೆ. ಸರ್ವೆಯವರಿಗೆ ಎಲ್ಲೆಲ್ಲಿ ಏನು ಹೂತಿದೆ ಅಂತ ನಕ್ಷೆ ಕೊಡಿ. ಆಟದ ಮೈದಾನದ ಉದ್ದಕ್ಕೆ ತಂತಿ ಹಾಸಲು ಆಗುತ್ತದಾ ನೋಡಿ.

ಈ ತಡೆಯನ್ನು ಓಮ್-ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ನೀರು ತುಂಬಿದ ಗರಸು ಸಾಮಾನ್ಯವಾಗಿ ಕೆಲವು ಹತ್ತುಗಳಿಂದ ನೂರು ಓಮ್-ಮೀಟರ್‌ವರೆಗೆ ತೋರಿಸುತ್ತದೆ, ಗಟ್ಟಿ ಬಂಡೆ ಸಾವಿರದ ಮೇಲೆ ಹೋಗುತ್ತದೆ. ಆದರೆ ಅಂಕಿ ಕಡಿಮೆ ಬಂದ ಕಡೆಯೆಲ್ಲ ನೀರಿರುತ್ತದೆ ಅಂತೇನಿಲ್ಲ. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಶಾಲೆಗೆ ಪಾಯಿಂಟ್ ಕೊಟ್ಟಿದ್ದೆ. ಹತ್ತು ಹನ್ನೆರಡು ಓಮ್-ಮೀಟರ್ ಬಂದಿತ್ತು, ಖುಷಿಯಿಂದ ಗುರುತು ಹಾಕಿದೆ. ಕೊರೆದಾಗ ಬಂದದ್ದು ಬರೀ ಜೇಡಿ. ಜೇಡಿಮಣ್ಣೂ ಕರೆಂಟನ್ನು ಚೆನ್ನಾಗಿ ಹರಿಸುತ್ತದೆ, ನೀರನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಮಕ್ಕಳ ಪಾಲಕರಿಂದ ಎತ್ತಿದ ದುಡ್ಡು ಅದು. ಪಕ್ಕದ ಹೊಲದ ಬಾವಿಯ ಗೋಡೆ ನೋಡಿದ್ದರೆ ಸಾಕಿತ್ತು, ಜೇಡಿ ಅಲ್ಲಿ ಎದ್ದು ಕಾಣುತ್ತಿತ್ತು. ಅವತ್ತಿನಿಂದ ಬಾವಿಗಳನ್ನು ಸುತ್ತದೆ ನಾನು ಯಂತ್ರ ಬಿಚ್ಚುವುದಿಲ್ಲ.

ನೆರೆಯವರ ವಿಷಯ. ನಿಮ್ಮ ಹಳ್ಳದ ಸಾಲಿನಲ್ಲೇ ಕೆಳಗಿನ ರೈತರ ಬೋರ್ ಇದ್ದೇ ಇರುತ್ತವೆ. ಒಂದೇ ಬಿರುಕಿನ ಮೇಲೆ ಎರಡು ಬೋರ್ ಕೂತರೆ ಆಳದ್ದು ಮೇಲಿನದನ್ನು ಬತ್ತಿಸುತ್ತದೆ. ನಾನು 200 ಮೀಟರ್ ಆದರೂ ಅಂತರ ಕೇಳುತ್ತೇನೆ. ಕೊರೆದ ಮೇಲೆ ಪಂಪ್ ಓಡಿಸುವ ದಿನ ಪಕ್ಕದವರ ಬೋರ್‌ನಲ್ಲೂ ಅದೇ ವೈರು ಇಳಿಸಿ ಮಟ್ಟ ನೋಡಿ. ಕುಸಿದರೆ ದಿನಕ್ಕೆ ಎಷ್ಟು ಗಂಟೆ ಅಂತ ಅವರ ಜೊತೆ ಕೂತು ಮಾತಾಡಿಕೊಳ್ಳಿ. ಕಾನೂನಿನ ಕಡೆಯೂ ಗಮನ ಇರಲಿ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ ಅಂತ ನಮ್ಮ ರಾಜ್ಯದ 1999ರ ಕಾಯ್ದೆ ಹೇಳುತ್ತದೆ. ಪಂಚಾಯಿತಿ ಬೋರ್ ಎಲ್ಲಿದೆ ಅಂತ ಅಳೆದು ನೋಡಿ. 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶದಲ್ಲಿ ಕೊರೆಸುವ ಮೊದಲೇ ಅನುಮತಿ ಬೇಕು. ಜಿಲ್ಲಾ ಅಂತರ್ಜಲ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಸುತ್ತಿನ ಬಾವಿಗಳ ನೀರಿನ ಮಟ್ಟದ ದಾಖಲೆಯೂ ಅಲ್ಲೇ ಸಿಗುತ್ತದೆ.

ಕೊರೆಯುವುದು ಏಪ್ರಿಲ್, ಮೇ ತಿಂಗಳಲ್ಲಾದರೆ ಒಳ್ಳೆಯದು. ಕಡುಬೇಸಿಗೆಯಲ್ಲಿ ಸಿಕ್ಕ ನೀರನ್ನು ನಂಬಬಹುದು. ಅವತ್ತು ನೀವೇ ಅಲ್ಲಿ ನಿಂತಿರಬೇಕು. ಹತ್ತು ಅಡಿಗೊಮ್ಮೆ ಮೇಲೆ ಬರುವ ಕಲ್ಲಿನ ಪುಡಿಯನ್ನು ಸಾಲಾಗಿ ಗುಡ್ಡೆ ಹಾಕಿಸಿ. ಚೂರುಗಳ ಮೇಲೆ ಕೆಂಪು, ಕಂದು ಕಲೆ ಇದ್ದರೆ ಅಲ್ಲಿ ನೀರು ಓಡಾಡಿದೆ. ಬರೀ ಹೊಳೆಯುವ ಬಿಳಿ, ಕಪ್ಪು ಪುಡಿ ನೂರಾರು ಅಡಿ ಬರುತ್ತಲೇ ಇದ್ದರೆ ಅದು ಒಡೆಯದ ಬಂಡೆ. ಎಷ್ಟು ಅಡಿಗೆ ನಿಲ್ಲಿಸಬೇಕು ಅಂತ ಲಾರಿ ಬರುವ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಅಗತ್ಯಕ್ಕೆ ನಾನಾದರೆ 500 ಅಡಿ ಅಂತ ಬರೆಯುತ್ತೇನೆ. ರಾತ್ರಿ ಹನ್ನೊಂದಕ್ಕೆ, ಇನ್ನೊಂದು ನೂರು ಅಡಿ ನೋಡೋಣ ಸಾರ್ ಅಂದಾಗ ಬೇಡ ಅನ್ನುವುದು ಬಹಳ ಕಷ್ಟ, ಆ ಕಾಗದ ಆಗ ಬೇಕಾಗುತ್ತದೆ. ಕೇಸಿಂಗ್ ಗಟ್ಟಿ ಬಂಡೆಯಲ್ಲಿ ಎರಡು ಮೂರು ಅಡಿ ಕೂತಿರಲಿ, ಮೇಲ್ಭಾಗದ ಸಂದಿಗೆ ಸಿಮೆಂಟ್ ತುಂಬಿಸಿ. ಪಂಪ್ ಮಾತ್ರ ಅವತ್ತೇ ಕೊಳ್ಳಬೇಡಿ. ಬಾಡಿಗೆ ಪಂಪ್ ಇಳಿಸಿ ಒಂದು ದಿನ ಪೂರ್ತಿ ಓಡಿಸಿ, ಮಟ್ಟ ಎಲ್ಲಿ ನಿಲ್ಲುತ್ತದೆ, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಏರುತ್ತದೆ ನೋಡಿ, ಆಮೇಲೆ ಪಂಪ್. ನೀರನ್ನು ಪ್ರಯೋಗಾಲಯಕ್ಕೂ ಕಳಿಸಿ. ನಿಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಕಾಟ ಇದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನಲ್ಲಿಗೆ 'ಕುಡಿಯಬೇಡಿ' ಅಂತ ಬೋರ್ಡ್ ಹಾಕಲೇಬೇಕು.

ಹೊಸ ಬೋರ್‌ಗೆ ಉಣಿಸುವ ವ್ಯವಸ್ಥೆಯೂ ಜೊತೆಗೇ ಆಗಲಿ. ಕಟ್ಟಡಗಳ ಚಾವಣಿ ಎಲ್ಲ ಸೇರಿ 2,000 ಚದರ ಮೀಟರ್ ಇದ್ದರೆ ವರ್ಷಕ್ಕೆ ಒಂಬತ್ತೂವರೆ ಲಕ್ಷ ಲೀಟರ್ ಹಿಡಿಯಬಹುದು. ಅದನ್ನು ಸೋಸಿ ತೆರೆದ ಬಾವಿಗೆ ಬಿಡಿ. ಹಳ್ಳಕ್ಕೆ ಅಡ್ಡವಾಗಿ ಮೊಣಕಾಲೆತ್ತರದ ಕಲ್ಲಿನ ಒಡ್ಡು ಒಂದೆರಡು ಹಾಕಿಸಿ.

ಕೊನೆಗೆ ಆ ಎರಡು ಫೇಲ್ ಆದ ಬೋರ್‌ಗಳು. ಇದನ್ನು ಮೊದಲೇ ಬರೆಯಬೇಕಿತ್ತು. ಗೋಣಿಚೀಲ ಒಂದು ಮಳೆಗಾಲಕ್ಕೆ ಕೊಳೆಯುತ್ತದೆ, ಕಲ್ಲನ್ನು ಯಾರಾದರೂ ಸರಿಸುತ್ತಾರೆ, ಆಮೇಲೆ ಯಾವ ಮಗುವಾದರೂ ಒಳಗೆ ಬೀಳಬಹುದು. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಬರೆದು ತಿಳಿಸಬೇಕು, ಸುತ್ತ ಬೇಲಿ ಹಾಕಬೇಕು, ಕೇಸಿಂಗ್ ಬಾಯಿಗೆ ಗಟ್ಟಿ ಮುಚ್ಚಳ ಹಾಕಿ ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟಬೇಕು, ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಇವುಗಳನ್ನು ಮಳೆ ನೀರು ಇಂಗಿಸಲು ಬಳಸೋಣ ಅನ್ನುವ ಯೋಚನೆ ಇದ್ದರೆ ಚಾವಣಿಯ ಸೋಸಿದ ನೀರು ಮಾತ್ರ ಬಿಡಿ, ಅಲ್ಲಿಯವರೆಗೆ ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿ. ಹೊಸ ಪಾಯಿಂಟ್‌ಗೆ ಇನ್ನೂ ಆರು ತಿಂಗಳು ಹಿಡಿಯಬಹುದು. ಈ ಎರಡು ಬಾಯಿಗಳಿಗೆ ನಾಳೆ ಬೆಳಿಗ್ಗೆಯೇ ವೆಲ್ಡಿಂಗ್‌ನವರನ್ನು ಕರೆಸಿ, ಮೇಷ್ಟ್ರೇ.